ಬೀಗವಿಲ್ಲದ ಊರಿಗೆ ಎಂಥ ಕಾವಲು?

ಉತ್ತರ ಧ್ರುವದ ಸಮೀಪ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ ನಿ ಓಲೆಸುಂಡ್ ಎಂಬ ಪುಟ್ಟ ಊರಿದೆ. ಸಂಶೋಧಕರು, ಅವರಿಗೆ ನೆರವಾಗುವ ಸಿಬ್ಬಂದಿಯೇ ಅಲ್ಲಿನ ನಿವಾಸಿಗಳು. ಬಾಗಿಲಿಗೆ ಬೀಗ ಹಾಕುವ ರೂಢಿ ಅಲ್ಲಿಲ್ಲ. ಹಿಮಕರಡಿ ಎದುರಾದರೆ ಯಾರಾದರೂ ಹತ್ತಿರದ ಬಾಗಿಲು ತಳ್ಳಿ ಒಳಗೆ ನುಗ್ಗಬಹುದು. ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಇಲ್ಲಿದೆ. ಅಲ್ಲಿಂದ ಕೂಗಳತೆಯಲ್ಲಿ, 2004ರಲ್ಲಿ ಶುರುವಾದ ಚೀನಾದ ಕೇಂದ್ರ. ಅದರ ಬಾಗಿಲ ಇಕ್ಕೆಲದಲ್ಲೂ ಕಲ್ಲಿನ ಸಿಂಹಗಳನ್ನು ಕೂರಿಸಲಾಗಿತ್ತು. ಉಕ್ರೇನ್ ಯುದ್ಧ ಶುರುವಾದ ನಂತರ ಇಂಥ ನೆಲದ ಮೇಲೆ ನಾರ್ವೆ ಸರ್ಕಾರ ಕಾವಲು ಬಿಗಿಗೊಳಿಸುತ್ತಿದೆ. ಬಿಗಿಗೊಳಿಸಲೇಬೇಕು. ಆದರೆ ಆ ಕಣ್ಣು ಇರಬೇಕಾದದ್ದು ನೆಲ, ಕೇಬಲ್, ಆಂಟೆನಾಗಳ ಮೇಲೆ. ವರ್ಷಗಟ್ಟಲೆ ಅಲ್ಲೇ ದುಡಿದು ಬದುಕುತ್ತಿರುವವರನ್ನು ಪಾಸ್‌ಪೋರ್ಟ್ ನೋಡಿ ಬೇರೆ ಕೂರಿಸಿದರೆ ಭದ್ರತೆ ಹೆಚ್ಚುವುದಿಲ್ಲ.

1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಒಪ್ಪಂದ ಈ ದ್ವೀಪಗಳನ್ನು ನಾರ್ವೆಗೆ ಒಪ್ಪಿಸಿತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತವೂ ಅದರ ಭಾಗವಾಗಿತ್ತು. ಸಾರ್ವಭೌಮತ್ವ ನಾರ್ವೆಯದ್ದೇ, ಆದರೆ ಮೀನುಗಾರಿಕೆ, ಗಣಿಗಾರಿಕೆಯಂಥ ಕಸುಬುಗಳಲ್ಲಿ ಸಹಿ ಹಾಕಿದ ಎಲ್ಲ ದೇಶಗಳ ಪ್ರಜೆಗಳಿಗೂ ಸಮಾನ ಅವಕಾಶ. ನೌಕಾನೆಲೆ, ಕೋಟೆ ಕಟ್ಟುವಂತಿಲ್ಲ. ರಷ್ಯನ್ನರು ಇಂದಿಗೂ ಬಾರೆಂಟ್ಸ್‌ಬರ್ಗ್‌ನಲ್ಲಿ ಕಲ್ಲಿದ್ದಲು ಗಣಿಯ ಊರೊಂದನ್ನು ಇಟ್ಟುಕೊಂಡಿರುವುದು ಇದೇ ಬಲದ ಮೇಲೆ. 2023ರ ಮೇ 9ರಂದು ಅವರು ಅಲ್ಲಿ ಧ್ವಜ ಹಾರಿಸಿ, ವಾಹನಗಳ ಸಾಲು ಕಟ್ಟಿ ಮೆರವಣಿಗೆ ತೆಗೆದರು. ಅದರ ಸದ್ದು ನಾರ್ವೆಯ ರಾಜಧಾನಿ ಓಸ್ಲೋಗೆ ಕೇಳಿಸದಿರುತ್ತದೆಯೇ? ಅದಕ್ಕೂ ಮೊದಲು, 2022ರ ಜನವರಿಯಲ್ಲಿ, ದ್ವೀಪವನ್ನು ನಾರ್ವೆಯ ಮುಖ್ಯ ಭೂಭಾಗಕ್ಕೆ ಜೋಡಿಸುವ ಎರಡು ಸಮುದ್ರತಳದ ಕೇಬಲ್‌ಗಳಲ್ಲಿ ಒಂದು ಹಾಳಾಯಿತು. ಮನುಷ್ಯರ ಕೈವಾಡವಿರಬಹುದೆಂದು ಪೊಲೀಸರು ಶಂಕಿಸಿದರೂ ಯಾರ ಮೇಲೂ ಆರೋಪ ಹೊರಿಸಲಾಗಲಿಲ್ಲ. ಧ್ರುವದ ಮೇಲೆ ಹಾದುಹೋಗುವ ಉಪಗ್ರಹಗಳ ದತ್ತಾಂಶವನ್ನು ದ್ವೀಪದ ಮುಖ್ಯ ಊರಾದ ಲಾಂಗ್‌ಇಯರ್‌ಬೀನ್ ಬಳಿಯ ಬೆಟ್ಟದ ಮೇಲಿನ ಆಂಟೆನಾಗಳು ಹಿಡಿದು, ಈ ಕೇಬಲ್‌ಗಳ ಮೂಲಕವೇ ಹೊರಜಗತ್ತಿಗೆ ಕಳಿಸುತ್ತವೆ. ಎರಡನೆಯದೂ ಹೋಗಿದ್ದರೆ ಆ ದಾರಿಯೇ ಮುಚ್ಚಿಹೋಗುತ್ತಿತ್ತು. ಇಂಥಲ್ಲಿ ಪಹರೆ ಎಷ್ಟಿದ್ದರೂ ಹೆಚ್ಚಲ್ಲ. 2024ರಲ್ಲಿ ದ್ವೀಪದ ಕೊನೆಯ ಖಾಸಗಿ ಜಮೀನು 30 ಕೋಟಿ ಯೂರೊ ಬೆಲೆಗೆ ಮಾರಾಟಕ್ಕೆ ಬಂದಾಗ, ತನ್ನ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂದು ಸರ್ಕಾರ ತಡೆದದ್ದೂ ಸರಿಯೇ. ನೆಲ ಒಮ್ಮೆ ಕೈಬಿಟ್ಟರೆ ಮತ್ತೆ ಸಿಕ್ಕುವುದು ಸುಲಭವಲ್ಲ.

ನನ್ನ ತಕರಾರು ಇರುವುದು 2022ರ ಮತದಾನದ ನಿಯಮದ ಬಗ್ಗೆ. ಲಾಂಗ್‌ಇಯರ್‌ಬೀನ್‌ನ ಸುಮಾರು 2,500 ನಿವಾಸಿಗಳಲ್ಲಿ ಮೂರನೇ ಒಂದರಷ್ಟು ಮಂದಿ ಹೊರದೇಶದವರು. ಅವರಲ್ಲಿ ಥಾಯ್ಲೆಂಡ್, ಫಿಲಿಪ್ಪೀನ್ಸ್‌ನವರು ಬಹಳ. ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ ದುಡಿಯುವವರು. ಮೊದಲು ದ್ವೀಪದಲ್ಲೇ ಮೂರು ವರ್ಷ ಇದ್ದವರಿಗೆ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿತ್ತು. ಈಗ ನಾರ್ವೆಯ ಮುಖ್ಯ ಭೂಭಾಗದಲ್ಲಿ ಮೂರು ವರ್ಷ ಇದ್ದಿರಬೇಕು. ಹತ್ತು ವರ್ಷ ದ್ವೀಪದಲ್ಲೇ ಕಳೆದವರಿಗೂ ಹಕ್ಕಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಯಿತಲ್ಲವೇ ಇದು?

ಹೊರಗಿನ ದೇಶವೊಂದು ತನ್ನ ಜನರನ್ನು ತಂದು ತುಂಬಿ ಊರಿನ ಮಂಡಳಿಯನ್ನೇ ವಶಪಡಿಸಿಕೊಂಡರೆ ಗತಿಯೇನು, ಖರ್ಚಿನ ದೊಡ್ಡ ಪಾಲನ್ನು ನಾರ್ವೆಯ ತೆರಿಗೆದಾರರೇ ಹೊರುವಾಗ ಅವರ ಮಾತು ನಡೆಯಬೇಡವೇ ಎಂದು ಕೇಳುವವರಿದ್ದಾರೆ. ತಳ್ಳಿಹಾಕುವ ಪ್ರಶ್ನೆಗಳಲ್ಲ ಇವು. ಆದರೆ ಆ ಮಂಡಳಿ ನೋಡಿಕೊಳ್ಳುವುದು ನೀರು, ರಸ್ತೆ, ಶಿಶುವಿಹಾರಗಳನ್ನು. ರಕ್ಷಣೆ, ವಿದೇಶಾಂಗ ವ್ಯವಹಾರ ಓಸ್ಲೋ ಕೈಯಲ್ಲಿವೆ. ದ್ವೀಪದಲ್ಲಿ ಅದರ ಪ್ರತಿನಿಧಿಯಾಗಿ ರಾಜ್ಯಪಾಲರಿದ್ದಾರೆ. ಶಿಶುವಿಹಾರದ ವಿಷಯದಲ್ಲಿ ಮತ ಹಾಕುವ ಥಾಯ್ ಮಹಿಳೆಯಿಂದ ಸಮುದ್ರತಳದ ಕೇಬಲ್‌ಗೆ ಯಾವ ಅಪಾಯ? ಇನ್ನು ಗೂಢಚಾರಿಕೆ. ಬ್ರೆಜಿಲ್‌ನ ಸಂಶೋಧಕನೆಂದು ಹೇಳಿಕೊಂಡು ನಾರ್ವೆಯ ಟ್ರೋಮ್ಸೋ ವಿಶ್ವವಿದ್ಯಾಲಯ ಸೇರಿದ್ದ ರಷ್ಯನ್ ವ್ಯಕ್ತಿಯೊಬ್ಬನನ್ನು 2022ರ ಅಕ್ಟೋಬರ್‌ನಲ್ಲಿ ಬಂಧಿಸಲಾಯಿತು. 2024ರ ಆಗಸ್ಟ್‌ನ ಕೈದಿಗಳ ವಿನಿಮಯದಲ್ಲಿ ಆತ ರಷ್ಯಾಕ್ಕೆ ಮರಳಿದ. ಅವನನ್ನು ಹಿಡಿದದ್ದು ಭದ್ರತಾ ಪೊಲೀಸರ ಕೆಲಸ. ಸುಳ್ಳು ಹೆಸರು ಇಟ್ಟುಕೊಂಡು ಬರುವವನಿಗೆ ಯಾವ ಮತದಾರರ ಪಟ್ಟಿಯೂ ಬೇಕಿಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಭೂಮಿಯ ಇನ್ನೊಂದು ತುದಿಯಲ್ಲಿದೆ. ಶೀತಲ ಸಮರ ಜೋರಾಗಿದ್ದ 1959ರಲ್ಲೇ ಅಮೆರಿಕ, ಸೋವಿಯತ್ ಒಕ್ಕೂಟ ಸೇರಿ 12 ದೇಶಗಳು ಅಂಟಾರ್ಕ್ಟಿಕ ಒಪ್ಪಂದಕ್ಕೆ ಸಹಿ ಹಾಕಿದವು. ಅದರ 7ನೇ ವಿಧಿಯಂತೆ, ನಿರ್ಧಾರದಲ್ಲಿ ಪಾಲಿರುವ ದೇಶಗಳು ಕಳಿಸುವ ವೀಕ್ಷಕರು ಯಾವ ಕೇಂದ್ರಕ್ಕಾದರೂ, ಯಾವಾಗ ಬೇಕಾದರೂ ಹೋಗಿ ಉಪಕರಣಗಳನ್ನು ಪರಿಶೀಲಿಸಬಹುದು. ಅಲ್ಲಿ ಪರಿಶೀಲನೆ ಎಂದರೆ ಅದಕ್ಕೆ ಒಳಗಾಗುವವನಿಗೆ ಅವಮಾನವಲ್ಲ, ಎಲ್ಲರಿಗೂ ಒಂದೇ ಲೆಕ್ಕ. ಸ್ವಾಲ್‌ಬಾರ್ಡ್‌ನಲ್ಲಿ ಸಾರ್ವಭೌಮತ್ವ ನಾರ್ವೆಯದ್ದಾದ್ದರಿಂದ ಈ ನಿಯಮವನ್ನು ಹಾಗೇ ತಂದಿಡಲಾಗದು, ನಿಜ. ಆದರೆ ನಿ ಓಲೆಸುಂಡ್‌ನ ಎಲ್ಲ ಕೇಂದ್ರಗಳನ್ನೂ ಒಂದೇ ಅಳತೆಗೋಲಿನಿಂದ ಪರಿಶೀಲಿಸಿ ವರದಿ ಪ್ರಕಟಿಸಲು ನಾರ್ವೆಗೆ ಅಡ್ಡಿಯೇನೂ ಇಲ್ಲ.

ಭಾರತ ಈ ಪರಿಶೀಲನೆಯನ್ನು ತಾನಾಗಿಯೇ ಕೇಳಬೇಕು. ನಮ್ಮ ಮುಂಗಾರಿಗೂ ಆರ್ಕ್ಟಿಕ್‌ನ ಹಿಮಕ್ಕೂ ಇರುವ ನಂಟನ್ನು ಅರಿಯಲು ಹಿಮಾದ್ರಿಗೆ ಹೋದವರು ನಾವು. 2023ರ ಡಿಸೆಂಬರ್‌ನಿಂದ ಚಳಿಗಾಲದಲ್ಲೂ ಅಲ್ಲಿ ಕೆಲಸ ನಡೆಯುವಂತಾಗಿದೆ. ಬಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲ. ಮೊದಲು ನಮ್ಮ ಉಪಕರಣಗಳ ಪಟ್ಟಿಯನ್ನು ಮುಂದಿಟ್ಟರೆ, ಕಲ್ಲಿನ ಸಿಂಹಗಳ ಹಿಂದೆ ಏನಿದೆ ಎಂದು ಕೇಳುವ ಅರ್ಹತೆ ನಮಗೂ ಬರುತ್ತದೆ. ಲಾಂಗ್‌ಇಯರ್‌ಬೀನ್‌ನ ಮುಂದಿನ ಚುನಾವಣೆ 2027ರಲ್ಲಿ. ಅಷ್ಟರೊಳಗೆ ನಾರ್ವೆ ಹಳೆಯ ಮತದಾನದ ನಿಯಮವನ್ನು ಮರಳಿ ತರಲಿ.