ಇಸ್ಪೀಟ್ ಕಟ್ಟೊಂದಕ್ಕೆ ಅನುಮತಿ ಕೊಡಿ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ, ಕುದಾಪುರ

ಹೋದ ಜುಲೈನಲ್ಲಿ ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್‌ನಿಂದ ದೊಡ್ಡ ರಾದ್ಧಾಂತವಾಯಿತು. ಶೇಂಗಾ ಬಿತ್ತನೆಯ ಲೆಕ್ಕ ಬರೆಯಲು ಅಬ್ಬಾ ಖಾಲಿ ಹಾಳೆ ಹುಡುಕುತ್ತಾ ನನ್ನ ಬ್ಯಾಗಿಗೆ ಕೈ ಹಾಕಿದರು. ಸಿಕ್ಕಿದ ಪುಸ್ತಕದಲ್ಲಿ ದಿನಾಂಕಗಳಿದ್ದವು. ಪಕ್ಕದಲ್ಲಿ 'ಸೋತದ್ದು 12,000', 'ಗೆದ್ದದ್ದು 8,500', 'ಸೋತದ್ದು 20,000' ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಆ ರಾತ್ರಿ ಅವರು ಊಟಕ್ಕೆ ಕೂತರೂ ಊಟ ಮಾಡಲಿಲ್ಲ. "ಯಾರ ಹತ್ತಿರ ಸಾಲ ಮಾಡಿದ್ದೀಯ, ಬೇಟಾ?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಅದು ಸಾಲದ ಲೆಕ್ಕವಲ್ಲ, ಮೊಬೈಲಿನಲ್ಲಿ ಬಿಟ್ಟಿ ಚಿಪ್‌ಗಳಲ್ಲಿ ಆಡುವ ಪೋಕರ್‌ನ ಲೆಕ್ಕ. ಒಂದು ಪೈಸೆಯೂ ಹೋಗಿರಲಿಲ್ಲ. ಆದರೆ ಅಬ್ಬಾ ನಂಬಲು ಎರಡು ದಿನ ಬೇಕಾಯಿತು. ಕಾರಣವೂ ಇತ್ತು. ಅದರ ಹಿಂದಿನ ವರ್ಷ ನನ್ನ ಖಾಲಾನ ಮಗ ಹಣದ ಆಪ್ ಒಂದರಲ್ಲಿ ನಲವತ್ತು ಸಾವಿರ ಕಳೆದಿದ್ದ. ಅದರಲ್ಲಿ ಅರ್ಧ, ಇನ್ನೊಂದು ಆಪ್‌ನಿಂದ ತಂದ ಸಾಲ. ಖಾಲಾನ ಬಳೆಗಳು ಗಿರವಿ ಅಂಗಡಿಗೆ ಹೋದವು, ಇನ್ನೂ ಮನೆಗೆ ಬಂದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಈ ಲೇಖನದಲ್ಲಿ ಪೋಕರ್ ಪರವಾಗಿ ಬರೆಯುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಕೆಲವರು ಹುಬ್ಬೇರಿಸುತ್ತಾರೆ ಎಂದು ಗೊತ್ತು. ದಯವಿಟ್ಟು ಪೂರ್ತಿ ಓದಿ.

ಪೋಕರ್ ಎಂದರೆ ನಮ್ಮೂರ ಯುಗಾದಿಯ ಅಂದರ್ ಬಾಹರ್ ಅಲ್ಲ. ಅಂದರ್ ಬಾಹರ್‌ನಲ್ಲಿ ಎಲೆ ಎಲ್ಲಿ ಬೀಳುತ್ತದೋ ನೋಡುತ್ತಾ ಕೂರುವುದಷ್ಟೇ ಕೆಲಸ. ಪೋಕರ್‌ನಲ್ಲಿ ಪ್ರತಿ ಸುತ್ತಿನಲ್ಲೂ ಆಡಬೇಕೋ ಬಿಡಬೇಕೋ, ಎಷ್ಟು ಹಾಕಬೇಕು ಎಂದು ನಾವೇ ತೀರ್ಮಾನಿಸಬೇಕು. ಒಂದು ಉದಾಹರಣೆ ಕೊಡುತ್ತೇನೆ. ನನ್ನ ಕೈಯಲ್ಲಿ ಎರಡು ಕಳಾವರ್ ಇವೆ, ನೆಲದ ಮೇಲೆ ಬಿಚ್ಚಿದ ಮೂರು ಎಲೆಗಳಲ್ಲಿ ಎರಡು ಕಳಾವರ್. ಇನ್ನೊಂದು ಬಂದರೆ ಫ್ಲಶ್. ನನಗೆ ಕಾಣದ ಎಲೆಗಳು 47, ಅವುಗಳಲ್ಲಿ ಕಳಾವರ್ 9. ಮುಂದಿನ ಎಲೆಯಲ್ಲೇ ಬರುವ ಸಾಧ್ಯತೆ ನೂರಕ್ಕೆ ಸುಮಾರು 19. ಮಧ್ಯದಲ್ಲಿ 200 ಚಿಪ್ ಇದೆ, ಎದುರಿನವನು 100 ಹಾಕುತ್ತಾನೆ. ಈಗ ನಾನು 100 ಹಾಕಿದರೆ ಒಟ್ಟು 400 ಆಗುತ್ತದೆ. ಅಂದರೆ ಅದರ ಕಾಲು ಭಾಗ ನನ್ನದು. ನೂರಕ್ಕೆ 25 ಸಲವಾದರೂ ಎಲೆ ಬಂದರೆ ಮಾತ್ರ ಗಿಟ್ಟುತ್ತದೆ. ಬರುವುದು 19. ಆದ್ದರಿಂದ ಎಲೆ ಕೆಳಗಿಡಬೇಕು. ಅದೇ ಎದುರಿನವನ ಚಿಪ್ಪೆಲ್ಲ ಮುಗಿದು, ಇನ್ನು ಏನೂ ಹಾಕದೆ ಬಾಕಿ ಎರಡು ಎಲೆಯನ್ನೂ ನೋಡಬಹುದು ಎಂದಾದರೆ ಸಾಧ್ಯತೆ 35ಕ್ಕೆ ಏರುತ್ತದೆ. ಆಗ ಹಾಕಲೇಬೇಕು. ಅದೇ ಕೈ, ಅದೇ ಎಲೆ, ಉತ್ತರ ಬೇರೆ. ನಮ್ಮ ಸಂಖ್ಯಾಶಾಸ್ತ್ರದ ಹೈಪರ್‌ಜಿಯೋಮೆಟ್ರಿಕ್ ವಿತರಣೆ ನನಗೆ ಅರ್ಥವಾದದ್ದು ಹೀಗೆ. ಕೆಂಪು ಚೆಂಡು ಬಿಳಿ ಚೆಂಡುಗಳ ಚೀಲದಿಂದ ಅಲ್ಲ.

ಆಟ ಸುಧಾರಿಸಿದ್ದು ನೋಟ್‌ಬುಕ್‌ನಿಂದ. ಮೊದಲು ಸೋಲು ಗೆಲುವು ಮಾತ್ರ ಬರೆಯುತ್ತಿದ್ದೆ, ಅಬ್ಬಾ ಕಣ್ಣಿಗೆ ಬಿದ್ದದ್ದು ಅವೇ ಪುಟಗಳು. ಆಮೇಲೆ ಇನ್ನೊಂದು ಕಾಲಂ ಹಾಕಿದೆ: 'ನಿರ್ಧಾರ ಸರಿಯಿತ್ತೇ?' ಈ ಎರಡು ಕಾಲಂ ಹೊಂದುವುದಿಲ್ಲ ಎಂದು ತಿಳಿಯಲು ನನಗೆ ಮೂರು ತಿಂಗಳು ಹಿಡಿಯಿತು. ಎರಡು ಎಕ್ಕ ಕೈಯಲ್ಲಿದ್ದು ಎದುರಿನವನ ಬಳಿ ಎರಡು ರಾಜ ಇದ್ದರೂ ಐದರಲ್ಲಿ ಹೆಚ್ಚುಕಡಿಮೆ ಒಂದು ಸಲ ನಾವು ಸೋಲುತ್ತೇವೆ. ಸೋತಾಗ ತಪ್ಪು ಮಾಡಿದೆ ಎನ್ನಿಸುತ್ತದೆ, ಆದರೆ ಮಾಡಿರುವುದಿಲ್ಲ. ಹುಚ್ಚು ಆಟ ಆಡಿ ಗೆದ್ದಾಗ ಜಾಣ ಎನ್ನಿಸುತ್ತದೆ, ಅದೂ ಸುಳ್ಳು. ಸೋತ ಸಿಟ್ಟಿನಲ್ಲಿ ಕಣ್ಣುಮುಚ್ಚಿ ಆಡುವುದನ್ನು ಪೋಕರ್‌ನವರು 'ಟಿಲ್ಟ್' ಎನ್ನುತ್ತಾರೆ. ನನಗೆ ಅದು ಚೆನ್ನಾಗಿ ಗೊತ್ತು. ರಾತ್ರಿ ಎರಡರವರೆಗೆ ಕೂತು ಫಜರ್ ತಪ್ಪಿಸಿಕೊಂಡ ದಿನಗಳಿವೆ. ಪ್ರಥಮ ಪಿಯುಸಿಯ ಒಂದು ಟೆಸ್ಟಿನಲ್ಲಿ ನನ್ನ ಅಕೌಂಟೆನ್ಸಿ ಅಂಕ ಬಿದ್ದದ್ದಕ್ಕೆ ಜ್ವರ ಕಾರಣ ಎಂದು ಮೇಡಂಗೆ ಹೇಳಿದ್ದೆ. ಜ್ವರ ಇರಲಿಲ್ಲ, ಮೇಡಂ. ಕ್ಷಮಿಸಿ.

ಈಗ ಹಣದ ವಿಷಯ. ಹಣದ ಆಪ್‌ಗಳ ಪರ ಮಾತಾಡುವವರು ಯಾವಾಗಲೂ 'ಇದು ಕೌಶಲದ ಆಟ' ಎನ್ನುತ್ತಿದ್ದರು. ಅವರ ಮಾತಿಗೆ ಕೋರ್ಟಿನ ಆಸರೆಯೂ ಇತ್ತು. 2013ರಲ್ಲಿ ನಮ್ಮ ಹೈಕೋರ್ಟ್ ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಡ ಎಂದಿತ್ತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ ಕೇಂದ್ರ ಸರ್ಕಾರ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಈ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ. ಹಣ ಹಾಕಿ ಹಣ ನಿರೀಕ್ಷಿಸುವ ಆನ್‌ಲೈನ್ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ದೊಡ್ಡ ಕಂಪನಿಗಳು ಒಂದೆರಡು ದಿನದಲ್ಲೇ ಹಣದ ಆಟ ನಿಲ್ಲಿಸಿದವು.

ನಾನು ಈ ಕಾನೂನಿನ ಪರ. ಕೌಶಲದ ವಾದ ಸುಳ್ಳೆಂದಲ್ಲ, ಅದು ನಿಜವೇ. ಆದರೆ ಅದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ಕಾಮರ್ಸ್ ವಿದ್ಯಾರ್ಥಿಗಳು ಇದನ್ನು ಲೆಡ್ಜರ್ ಹಾಕಿ ನೋಡಬೇಕು. ಆರು ಜನ ತಲಾ 1,000 ರೂಪಾಯಿ ತಂದು ಕೂತರು ಎನ್ನಿ, ಒಟ್ಟು 6,000. ಪ್ರತಿ ಆಟದಲ್ಲಿ ಮಧ್ಯಕ್ಕೆ 200 ಬಿದ್ದು, ಕಂಪನಿ ಅದರಲ್ಲಿ ನೂರಕ್ಕೆ ಐದರಂತೆ 10 ರೂಪಾಯಿ ಮುರಿದುಕೊಂಡರೆ, 100 ಆಟಕ್ಕೆ 1,000 ಹೋಯಿತು. ಮೊಬೈಲಿನಲ್ಲಿ ಅದು ಒಂದೆರಡು ಗಂಟೆಯ ಆಟ, ಅಷ್ಟರಲ್ಲಿ ಒಬ್ಬನ ಪೂರ್ತಿ ದುಡ್ಡು ಮಾಯ. 600 ಆಟಕ್ಕೆ ಎಲ್ಲರದ್ದೂ ಖಾಲಿ. ಆರು ಜನರೂ ಎಷ್ಟೇ ಜಾಣರಾಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಒಬ್ಬ ಗೆಲ್ಲಬೇಕಾದರೆ ಉಳಿದ ಐವರು ಅವನಿಗೂ ಕಂಪನಿಗೂ ಇಬ್ಬರಿಗೂ ಕೊಡಬೇಕು. ನನ್ನ ಖಾಲಾನ ಮಗ ಆ ಐವರಲ್ಲಿ ಒಬ್ಬ.

ಅಬ್ಬಾ ಜೊತೆ ವಾದ ಮಾಡುವಾಗ ನಾನೊಂದು ಬುದ್ಧಿವಂತಿಕೆಯ ಮಾತು ಆಡಿದ್ದೆ. "ನೀವೂ ಪ್ರತಿ ವರ್ಷ ಮಳೆ ನಂಬಿ ಶೇಂಗಾ ಬೀಜ ಮಣ್ಣಿಗೆ ಹಾಕ್ತೀರಲ್ಲ. ಚಳ್ಳಕೆರೆ ಸೀಮೆಯ ಮಳೆ! ಅದು ಜುವಾ ಅಲ್ವಾ?" ಭಾರತದ ಕೃಷಿ ಮುಂಗಾರಿನ ಜೊತೆ ಆಡುವ ಜೂಜು ಎಂದು ನಾವು ಅರ್ಥಶಾಸ್ತ್ರದಲ್ಲಿ ಓದಿದ್ದೇವಲ್ಲ, ಆ ಧೈರ್ಯ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮಳೆ ಬಂದು ನನ್ನ ಹೊಲ ಬೆಳೆದರೆ ಪಕ್ಕದ ಹೊಲದವನ ಚೀಲದಿಂದ ಏನೂ ಕಡಿಮೆ ಆಗಲ್ಲ. ಬೆಳೆದರೆ ಇಬ್ಬರಿಗೂ ಬೆಳೀತದೆ. ನಿನ್ನ ಆಟದಲ್ಲಿ ನಿನಗೆ ಬಂದದ್ದು ಯಾರ ಮನೆಯಿಂದ ಬಂತು?"

ಅಬ್ಬಾ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಮ್ಮ ಸಂಖ್ಯಾಶಾಸ್ತ್ರ ಪುಸ್ತಕದ ಗೇಮ್ ಥಿಯರಿ ಭಾಗದಲ್ಲಿ 'ಶೂನ್ಯ ಮೊತ್ತದ ಆಟ'ದ ವ್ಯಾಖ್ಯೆ ಬಂದಾಗ ನನಗೆ ಅವರ ಮಾತೇ ನೆನಪಾಯಿತು. ಆ ಶಾಸ್ತ್ರಕ್ಕೆ ಬುನಾದಿ ಹಾಕಿದ ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರ ತಮ್ಮ ಪುಸ್ತಕದಲ್ಲಿ ಪೋಕರ್‌ಗೆ ಒಂದು ಪ್ರತ್ಯೇಕ ಭಾಗವನ್ನೇ ಕೊಟ್ಟಿದ್ದಾರೆ. ಅಂದರೆ ನಾವು ಪರೀಕ್ಷೆಗೆ ಓದುವ ಪಾಠಕ್ಕೂ ಈ ಆಟಕ್ಕೂ ಹಳೆಯ ನೆಂಟಸ್ತಿಕೆ.

ಹಾಗಾದರೆ ಹಣ ತೆಗೆದುಬಿಟ್ಟರೆ ಎಲ್ಲ ಸರಿಹೋಯಿತೇ? ಇಲ್ಲ. ಬಿಟ್ಟಿ ಚಿಪ್ ಆಟದಲ್ಲಿ ಬೇರೆ ರೋಗವಿದೆ. ಕಳೆದುಕೊಳ್ಳಲು ಏನೂ ಇಲ್ಲವಾದ್ದರಿಂದ ಎಲ್ಲರೂ ಪ್ರತಿ ಕೈಗೂ ಪೂರ್ತಿ ಚಿಪ್ ತಳ್ಳುತ್ತಾರೆ. ಅಲ್ಲಿ ಯೋಚಿಸುವವನೇ ಪೆದ್ದ. ಮಸೀದಿಯ ಹಜರತ್‌ರನ್ನು ಕೇಳಿದೆ. ಹಣವಿದ್ದರೆ ಹರಾಮ್, ಅದರಲ್ಲಿ ಕೇಳುವಂಥದ್ದೇನೂ ಇಲ್ಲ, ಸೂರಾ ಮಾಇದಾದಲ್ಲಿ ಸ್ಪಷ್ಟವಾಗಿದೆ ಎಂದರು. ಹಣವಿಲ್ಲದಿದ್ದರೆ? "ಹಣ ಇಲ್ಲದಿದ್ದರೂ ನೀನು ವಕ್ತ್ ಇಟ್ಟು ಆಡ್ತಿದ್ದೀಯ. ನಮಾಜ್, ಓದು ಎರಡನ್ನೂ ಸೋತರೆ ಅದೂ ಸೋಲೇ" ಎಂದರು. ಫಜರ್ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

ನಾನು ಮೊಬೈಲಿನಿಂದ ಆಪ್ ತೆಗೆದುಹಾಕಿದೆ. ನಂತರ ನಾವು ನಾಲ್ವರು ಗೆಳೆಯರು ಬ್ರಿಡ್ಜ್ ಆಟದವರ ಒಂದು ಉಪಾಯ ಹಿಡಿದೆವು. ಎರಡು ಕಡೆ ಇಬ್ಬಿಬ್ಬರು ಕೂರುವುದು, ಎರಡೂ ಕಡೆ ಅದೇ ಎಲೆಗಳನ್ನು ಅದೇ ಕ್ರಮದಲ್ಲಿ ಹಂಚುವುದು. ಇಲ್ಲಿ ನನಗೆ ಒಳ್ಳೆಯ ಕೈ ಬಂದರೆ, ಅಲ್ಲಿ ಅದೇ ಕೈ ನನ್ನ ಜೊತೆಗಾರನ ಎದುರಾಳಿಗೆ. ಕೊನೆಗೆ ಎರಡೂ ಕಡೆಯ ಪಾಯಿಂಟ್ ಕೂಡಿದರೆ ಎಲೆಯ ಅದೃಷ್ಟ ಹೆಚ್ಚುಕಡಿಮೆ ವಜಾ ಆಗುತ್ತದೆ, ಉಳಿಯುವುದು ಯಾರು ಹೇಗೆ ಆಡಿದರು ಎಂಬುದು. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರೇಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರನ್ನು 1,20,000 ಕೈಗಳಲ್ಲಿ ಸೋಲಿಸಿದಾಗಲೂ ಅದೃಷ್ಟವನ್ನು ಕಡಿಮೆ ಮಾಡಲು ಹೀಗೆಯೇ ಎಲೆ ಹಂಚಿದ್ದರು. ನಾವು ಆಡಿದ್ದು 60 ಕೈ. ನಾಲ್ವರಲ್ಲಿ ನಾನೇ ಹುಷಾರು ಎಂದುಕೊಂಡಿದ್ದೆ. ಹೆಚ್ಚು ಸಲ ಸುಮ್ಮನೆ ಎಲೆ ಕೆಳಗಿಟ್ಟ, ಮಾತೇ ಆಡದ ಗೆಳೆಯನ ಜೋಡಿ ಗೆದ್ದಿತು. ಅವನು ಆ್ಯಪ್ ಮುಟ್ಟಿದವನೇ ಅಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ಹಣದ ಆಟ ನಿಂತ ಮೇಲೆ ನಮ್ಮ ಕ್ಲಾಸಿನ ಹುಡುಗರ ಮಾತು ಷೇರು ಮಾರುಕಟ್ಟೆಯ ಆಪ್ಶನ್ ಕಡೆ ತಿರುಗಿದೆ. ಅಣ್ಣಂದಿರ ಖಾತೆಯಲ್ಲಿ ಆಡುವವರೂ ಇದ್ದಾರೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿ ಪ್ರಕಾರ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಆಪ್ಶನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ. ಅದಕ್ಕೆ ನಿಷೇಧವಿಲ್ಲ. ಅಲ್ಲಿಗೆ ಹೋಗುವ ಮೊದಲು ನೂರಕ್ಕೆ 19 ಎಂದರೇನು, ಕಮಿಷನ್ ಕಳೆದರೆ ಏನು ಉಳಿಯುತ್ತದೆ, ಸೋತ ಸಿಟ್ಟು ಕೈಯಿಂದ ಏನೇನು ಮಾಡಿಸುತ್ತದೆ ಎಂದು ಒಬ್ಬ ಹುಡುಗ ಎಲ್ಲಿ ಕಲಿಯಬೇಕು? ನಲವತ್ತು ಸಾವಿರ ಕೊಟ್ಟು ಕಲಿಯಬೇಕೇ?

ನನ್ನ ಮನವಿ ಚಿಕ್ಕದು. ತಿಂಗಳಿಗೆ ಒಂದು ಶನಿವಾರ, ಸಂಖ್ಯಾಶಾಸ್ತ್ರ ಸರ್ ಎದುರಿಗೆ, ಒಂದು ಗಂಟೆ, ಜುಹರ್‌ಗೆ ಮೊದಲು ಮುಗಿಯುವಂತೆ. ಮೊಬೈಲ್ ಇಲ್ಲ, ಹಣ ಇಲ್ಲ, ಸಮೋಸದ ಪಂದ್ಯವೂ ಇಲ್ಲ. ಪ್ರತಿಯೊಬ್ಬರೂ ಎರಡು ಕಾಲಂನ ಲೆಕ್ಕ ಬರೆದು ಸರ್‌ಗೆ ಒಪ್ಪಿಸಬೇಕು. ಕಾಲೇಜಿನ ಒಳಗೆ ಇಸ್ಪೀಟ್ ಎಲೆ ತರಬಾರದೆಂಬ ನಿಯಮ ಇರುವುದರಿಂದ ಕಟ್ಟು ಸರ್ ಬೀರುವಿನಲ್ಲೇ ಇರಲಿ. ಚಿತ್ರದ ಎಲೆಗಳೇ ಬೇಡವೆಂದರೆ ರಟ್ಟು ಕತ್ತರಿಸಿ 1ರಿಂದ 13ರವರೆಗೆ ನಾಲ್ಕು ಬಣ್ಣದಲ್ಲಿ ಅಂಕಿ ಬರೆದುಕೊಳ್ಳುತ್ತೇವೆ.

ಅಬ್ಬಾಗೆ ಈ ಲೇಖನವನ್ನು ಉರ್ದುವಿನಲ್ಲಿ ಓದಿ ಹೇಳಿದೆ. ಒಪ್ಪಿದೆ ಎನ್ನಲಿಲ್ಲ. ನೋಟ್‌ಬುಕ್ ತರಿಸಿಕೊಂಡು, ಉಳಿದ ಖಾಲಿ ಹಾಳೆಗಳಲ್ಲಿ ಈ ಸಲದ ಶೇಂಗಾ ಲೆಕ್ಕವನ್ನು ಎರಡು ಕಾಲಂ ಹಾಕಿ ಬರೆದುಕೊಡು ಎಂದರು. ಬೀಜ, ಗೊಬ್ಬರ, ಆಳಿನ ಕೂಲಿ ಬರೆದಾಗಿದೆ. 'ನಿರ್ಧಾರ ಸರಿಯಿತ್ತೇ?' ಎಂಬ ಕಾಲಂ ಇನ್ನೂ ಖಾಲಿ ಇದೆ.