ಮಣ್ಣಿಲ್ಲದೆ ಬಿದ್ರಿ ಇಲ್ಲ, ಆದರೆ ಮಣ್ಣೇ ಬಿದ್ರಿನಾ?

ಆಫೀಸಿನಲ್ಲಿ ಒಬ್ಬರ ಬೀಳ್ಕೊಡುಗೆ ಇತ್ತು. ಬಿದ್ರಿ ಹೂಜಿ ಕೊಡೋಣ ಅಂತ ನಾನೇ ಹೇಳಿದ್ದು. ನಮ್ಮೂರು ಬೀದರ್ ಪಕ್ಕದ ಕೊಳಾರ, ಅಷ್ಟು ಅಭಿಮಾನ ಇರಬೇಕಲ್ಲ. ಗೆಳತಿಯೊಬ್ಬಳು ಫೋನ್ ತೋರಿಸಿದಳು: ನಾನು ಹೇಳಿದ ರೇಟಿನ ಕಾಲುಭಾಗಕ್ಕೆ, ಕಪ್ಪು ಬಣ್ಣ ಬಳಿದ, ಬೆಳ್ಳಿ ಗೆರೆಯಂಥ ಚಿತ್ತಾರದ ಒಂದು ಹೂಜಿ. "ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?" ನಾನು ಥಟ್ಟನೆ ಹೇಳಿದೆ, "ಕೋಟೆಯ ಮಣ್ಣು."

ಹೇಳಿಬಿಟ್ಟೆ. ಆಮೇಲೆ ನನಗೇ ಅನುಮಾನ ಶುರುವಾಯ್ತು.

ಬಿದ್ರಿ ಆಗೋದು ಹೀಗೆ. ಸತುವಿಗೆ ಚೂರು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ನೂರರಲ್ಲಿ 90ಕ್ಕೂ ಮಿಕ್ಕಿ ಸತುವೇ. ಅರ ಹಾಕಿ ಉಜ್ಜಿ, ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಚಿತ್ತಾರ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಇಷ್ಟೂ ಆದಮೇಲೆ ನುಣುಪು ಮಾಡಿದಾಗ ಬೆಳ್ಳಿ ಸರಿಯಾಗಿ ಕಾಣುವುದೇ ಇಲ್ಲ, ಎಲ್ಲಾ ಬೂದುಬಣ್ಣ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿ ಉಜ್ಜಿದಾಗ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಾಗಿದೆಯೋ ಇಲ್ಲವೋ ಅಂತ ಕಸುಬುದಾರರು ನಾಲಿಗೆಗೆ ಹಚ್ಚಿ ನೋಡುತ್ತಾರೆ.

ಆದರೆ ಎಲ್ಲರೂ ಮಣ್ಣನ್ನು ಹೊಗಳುವಾಗ ಮರೆಯೋದು ಆ ಚೂರು ತಾಮ್ರವನ್ನು. ಬರೀ ಸತುವಿಗೆ ಅದೇ ಮಣ್ಣು ಹಚ್ಚಿದರೆ ಆ ಕಪ್ಪು ಬರುವುದಿಲ್ಲ. ಹಾಗಾದರೆ ತಾಮ್ರವೂ ಬೇಕೇ ಬೇಕು, ನವಸಾಗರವೂ ಬೇಕು. "ಬೇಕೇ ಬೇಕು" ಅನ್ನೋದೆಲ್ಲ "ಅದೇ ಅದು" ಆಗುತ್ತದಾ?

ಇದೇ ಪ್ರಶ್ನೆಯನ್ನು ತತ್ವಶಾಸ್ತ್ರದಲ್ಲಿ ಜೋರಾಗಿ ಎತ್ತಿದವರು ಕಿಟ್ ಫೈನ್. ಒಂದು ವಸ್ತು ಯಾವ ಗುಣವಿಲ್ಲದೆ ಇರಲು ಸಾಧ್ಯವೇ ಇಲ್ಲವೋ ಅದೇ ಅದರ ಸ್ವರೂಪ ಅಂತ ಬಹಳ ಮಂದಿ ನಂಬಿದ್ದರು. 1994ರ ಒಂದು ಲೇಖನದಲ್ಲಿ ಫೈನ್ ಇದು ತಪ್ಪು ಅಂದರು. ಅವರ ಉದಾಹರಣೆಯಲ್ಲಿ ಸಾಕ್ರಟೀಸ್ ಮತ್ತು ಐಫೆಲ್ ಟವರ್ ಬರುತ್ತಾರೆ, ನಾನು ನಮ್ಮೂರಿಗೆ ತರುತ್ತೇನೆ. ನನ್ನ ಮುಂದಿನ ಹೂಜಿ ಗವಾನ್ ಮದರಸಾ ಅಲ್ಲ. ಎಂದೂ ಆಗಲಾರದು, ಇದು ಅನಿವಾರ್ಯ ಸತ್ಯ. ಆದರೆ ಹೂಜಿ ಅಂದರೇನು ಅಂತ ಕೇಳಿದರೆ "1472ರ ಮದರಸಾ ಅಲ್ಲದ್ದು" ಅಂತ ಯಾರಾದ್ರೂ ಹೇಳ್ತಾರಾ? ಸ್ವರೂಪದಲ್ಲಿ ಇರೋದೆಲ್ಲ ಅನಿವಾರ್ಯ ಹೌದು. ಅನಿವಾರ್ಯವಾದದ್ದೆಲ್ಲ ಸ್ವರೂಪವಲ್ಲ.

ನಮ್ಮ ಶಾಸ್ತ್ರದವರೂ ಇದರ ಹತ್ತಿರ ಓಡಾಡಿದ್ದಾರೆ. ದೇವದತ್ತನ ಮನೆ ಯಾವುದು? ಆ ಕಾಗೆ ಕೂತಿದೆಯಲ್ಲ, ಅದು. ಕಾಗೆ ಮನೆ ತೋರಿಸುತ್ತದೆ, ಮನೆ ಏನು ಅಂತ ಹೇಳುವುದಿಲ್ಲ. ನನ್ನ "ಕೋಟೆಯ ಮಣ್ಣು" ಉತ್ತರ ಬಹುಶಃ ಕಾಗೆಯೇ.

ದೀಪಾವಳಿಗೆ ಊರಿಗೆ ಹೋದಾಗ ಹಳೇ ಪೇಟೆಯ ಚಾಚಾ ಹತ್ತಿರ ಇದನ್ನೇ ಕೇಳಿದೆ. ಉಳಿ ಕೆಳಗಿಡದೆ ಹೇಳಿದರು, "ಖರೆ ಅದ ಬೇಟಾ, ಮಣ್ಣ ಇಲ್ದೆ ಕರಿ ಬರಂಗಿಲ್ಲ. ಹಂಗಂತ ಮಣ್ಣೇ ಬಿದ್ರಿ ಆಗ್ತದೇನು? ಮಣ್ಣ ಕ್ವಾಟ್ಯಾಗ ಬೇಕಾದಷ್ಟ ಬಿದ್ದದ."

ಕಪ್ಪಿನ ಎದುರು ಬೆಳ್ಳಿ ಹೊಳೆಯಬೇಕು, ಅದೂ ಕೈಯಿಂದ ಕೂರಿಸಿದ ಬೆಳ್ಳಿ. ಅದಕ್ಕೋಸ್ಕರವೇ ತಾಮ್ರ, ಅದಕ್ಕೋಸ್ಕರವೇ ಮಣ್ಣು. ಸ್ವರೂಪದಿಂದ ಅಗತ್ಯ ಹುಟ್ಟುತ್ತದೆಯೇ ಹೊರತು ಅಗತ್ಯಗಳನ್ನೆಲ್ಲ ಗುಡ್ಡೆ ಹಾಕಿದರೆ ಸ್ವರೂಪ ಆಗುವುದಿಲ್ಲ. ನನಗೆ ಫೈನ್ ಅರ್ಥವಾದದ್ದು ಚಾಚಾ ಅಂಗಡಿಯಲ್ಲೇ ಅನ್ನಬೇಕು.

ಆದರೆ ಕಾನೂನು ಬೇರೆ ಮಾತಾಡುತ್ತದೆ. ಬಿದ್ರಿಗೆ ಜಿಐ ಟ್ಯಾಗ್ ಇದೆ. 1999ರ ಆ ಕಾಯ್ದೆ ಕೇಳೋದೇ, ವಸ್ತುವಿನ ಗುಣ ಅಥವಾ ಹೆಸರು ಮೂಲತಃ ಆ ಜಾಗದಿಂದ ಬಂದದ್ದೇ ಅಂತ. ಅಂದರೆ ಇಲ್ಲಿ ಊರು ಕಾಗೆಯಲ್ಲ, ಮನೆಯ ಗೋಡೆ. ಹಾಗಂದ್ರೆ ಹಿಂದೆ ಲಖನೌ, ಪೂರ್ಣಿಯಾ, ಮುರ್ಷಿದಾಬಾದಿನಲ್ಲೂ ಬಿದ್ರಿ ಮಾಡ್ತಿದ್ರಲ್ಲ, ಅದೇನು? ಅಲ್ಲಿಯವರು ನಮ್ಮ ಕೋಟೆ ಮಣ್ಣನ್ನು ಬಂಡಿ ಕಟ್ಟಿ ತರಿಸಿರಲಿಕ್ಕಿಲ್ಲ. ತತ್ವದ ಕಣ್ಣಿಗೆ ಅದೂ ಬಿದ್ರಿಯೇ ಅಂತ ನನ್ನ ಅನಿಸಿಕೆ. ಆದರೂ ನಾನು ಕಾನೂನಿನ ಪರ. ಹೊಟ್ಟೆಪಾಡಿನ ವಿಷಯದಲ್ಲಿ ಗೋಡೆ ಬೇಕಾಗುತ್ತದೆ.

2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಖುಷಿಪಟ್ಟಿತ್ತು. ಆ ಮಾತು ತೆಗೆದೆ. ಚಾಚಾ ನಕ್ಕರು. "ಮಗ ಕಲಿತಾನೇನ್ರಿ?" ಅಂದೆ.

"ಕಲ್ತಿದ್ದ. ಈಗ ಕೊಳಾರದಾಗ ಕಂಪನಿಗಿ ಹೋಗ್ತಾನ. ತಿಂಗಳಾ ಪಗಾರ ಬರ್ತದ, ನಾ ಏನ್ ಹೇಳ್ಲಿ?"

ನಾನೂ ಏನೂ ಹೇಳಲಿಲ್ಲ. ನಾನು ಬೆಂಗಳೂರಿಗೆ ಹೋದವನು. ಹೂಜಿಗೆ ಅಡ್ವಾನ್ಸ್ ಕೊಟ್ಟೆ. ಒಂದೂವರೆ ತಿಂಗಳಾಗ್ತದ, ಕಣ್ಣು ಮೊದಲಿನಂಗ ಕಾಣಂಗಿಲ್ಲ ಅಂದರು. ಬೀಳ್ಕೊಡುಗೆ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಗೆಳತಿಗೆ ಮೆಸೇಜ್ ಹಾಕಿದೆ: "ಮಣ್ಣು ಅಂತ ಹೇಳಿದ್ದು ತಪ್ಪು, ಸಿಕ್ಕಾಗ ಹೇಳ್ತೀನಿ."