ಇಪ್ಪತ್ತೈದು ಹುಟ್ಟುಗಳು

ಆಲಪ್ಪುಳದ ಪುನ್ನಮಡ ಸರೋವರದ ವಳ್ಳಂಕಳಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. 1952ರಲ್ಲಿ ಅಲ್ಲಿಗೆ ಬಂದಿದ್ದ ಪ್ರಧಾನಿ ನೆಹರೂ ಅವರು ಚುಂಡನ್ ದೋಣಿಗಳ ಓಟವನ್ನು ನೋಡಿ, ಉತ್ಸಾಹ ತಡೆಯಲಾರದೆ ಗೆದ್ದ ದೋಣಿಯನ್ನೇ ಏರಿದರೆಂದೂ, ದೆಹಲಿಗೆ ಮರಳಿದ ಮೇಲೆ ಬೆಳ್ಳಿಯ ದೋಣಿಯೊಂದನ್ನು ಪಾರಿತೋಷಕವಾಗಿ ಕಳುಹಿಸಿದರೆಂದೂ ನಾನು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತ ಬಂದವನು. ಆದರೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿಯೇ, ತೇಜಸ್ವಿನೀ ಹೊಳೆಯಲ್ಲಿ ನಡೆಯುವ ಜಲೋತ್ಸವವನ್ನು ಐವತ್ತನಾಲ್ಕು ತುಂಬುವ ತನಕ ಕಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆಯೆಂಬುದು ಸುಳ್ಳಲ್ಲ.

ನಮ್ಮ ಶಾಲೆಯ ಮಲಯಾಳ ಅಧ್ಯಾಪಕರ ಮನೆ ಚೆರುವತ್ತೂರಿನ ಕಡೆ. "ಈ ಸಲ ನೀವು ಮನೆಯವರೊಂದಿಗೆ ಬರಲೇಬೇಕು" ಎಂದು ಅವರು ಒತ್ತಾಯಿಸಿದರು. ಕುಂಬಳೆಯಲ್ಲಿ ಬೆಳಗಿನ ರೈಲು ಹತ್ತಿದೆವು. ನೀಲೇಶ್ವರ ದಾಟುತ್ತಲೇ ಸೇತುವೆಯ ಕೆಳಗೆ ತೇಜಸ್ವಿನಿ ಕಾಣಿಸಿಕೊಂಡಳು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಬಂದವಳು, ಕಡಲಿನ ಸಮೀಪದಲ್ಲಿ ವಿಶಾಲಳಾಗಿ, ಶಾಂತಳಾಗಿ ಹರಿಯುತ್ತಿದ್ದಳು.

ಮಧ್ಯಾಹ್ನದ ಊಟವಾದ ಮೇಲೆ ಆ ಮನೆಯ ಹಿರಿಯರು ಕಪಾಟಿನಿಂದ ಹಳೆಯ ಪುಸ್ತಕವೊಂದನ್ನು ತಂದು ನನ್ನ ಕೈಗಿತ್ತರು. ನಿರಂಜನರ 'ಚಿರಸ್ಮರಣೆ'ಯ ಮಲಯಾಳ ಅನುವಾದ! ಇದೇ ಹೊಳೆಯ ದಡದ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತ ಹೋರಾಟ, 1943ರಲ್ಲಿ ನಾಲ್ವರು ಗಲ್ಲಿಗೇರಿದ ಕಥೆ. "ನಮ್ಮ ಊರಿನ ಕಥೆಯನ್ನು ನಿಮ್ಮ ಭಾಷೆಯವರು ಬರೆದರು, ಮಾಷೇ" ಎಂದು ಅವರು ಹೇಳಿದಾಗ ನನ್ನ ಮನಸ್ಸು ತುಂಬಿ ಬಂತು.

ಮೂರು ಗಂಟೆಯ ಹೊತ್ತಿಗೆ ಹೊಳೆಯ ಎರಡು ದಡಗಳಲ್ಲಿಯೂ ಜನಸಾಗರ. ತೆಂಗಿನ ಬುಡ, ಮನೆಯ ಜಗಲಿ, ಸೇತುವೆಯ ಅಂಚು, ಎಲ್ಲಿಯೂ ಕಾಲಿಡಲು ಎಡೆಯಿಲ್ಲ. ಇಲ್ಲಿಯ ದೋಣಿಗಳು ಆಲಪ್ಪುಳದವುಗಳಂತೆ ನೂರು ಜನರನ್ನು ಹೊರುವಂಥವಲ್ಲ; ಹದಿನೈದು ಜನ, ಇಪ್ಪತ್ತೈದು ಜನ ಹುಟ್ಟು ಹಾಕುವಂಥವು. ಒಂದೊಂದು ದೋಣಿಯೂ ಒಂದೊಂದು ಊರಿನ ಮಾನ. ಹೆಂಗಸರ ಪಂದ್ಯವೂ ಇತ್ತು. ಅದುವರೆಗೆ ಸೆರಗು ಮುಚ್ಚಿಕೊಂಡು ಕುಳಿತಿದ್ದ ನನ್ನ ಮನೆಯಾಕೆ ಎದ್ದು ನಿಂತು ಕೂಗಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಪಂದ್ಯದಲ್ಲಿ ತೋಳಿನ ಬಲಕ್ಕಿಂತ ತಾಳಕ್ಕೇ ಬೆಲೆ ಹೆಚ್ಚು. ಎಲ್ಲ ಹುಟ್ಟುಗಳೂ ಒಂದೇ ಕ್ಷಣದಲ್ಲಿ ನೀರಿಗಿಳಿದು ಒಂದೇ ಕ್ಷಣದಲ್ಲಿ ಮೇಲೇಳಬೇಕು. ಒಬ್ಬನ ಹುಟ್ಟು ತಡವಾದರೆ ಉಳಿದವರ ಶ್ರಮವೂ ಅಷ್ಟರಮಟ್ಟಿಗೆ ವ್ಯರ್ಥ.

ನಮ್ಮ ಆತಿಥೇಯರ ಊರಿನ ದೋಣಿ ಸೋತಿತು, ಅದೂ ಕೊನೆಯ ಸ್ಥಾನದಲ್ಲಿ. ಆದರೂ ದಡ ಸೇರಿದ ಅದರ ಚುಕ್ಕಾಣಿಗಾರನ ಮುಖದಲ್ಲಿ ನಗೆಯಿತ್ತು. ಕಾರಣ ಕೇಳಿದೆ. "ಹೋದ ವರ್ಷ ದೋಣಿ ನೀರಿಗಿಳಿಯಲೇ ಇಲ್ಲ. ಹುಡುಗರು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ. ಈ ಸಲ ಇಬ್ಬರು ರಜೆ ಹಾಕಿ ಬಂದರು. ಇಪ್ಪತ್ತೈದನೆಯವನು ಸಿಗದೆ ನನ್ನ ಅಣ್ಣನನ್ನೇ ಕೂರಿಸಿದೆ. ಅವನಿಗೆ ಅರುವತ್ತು. ಒಂದು ಜಾಗ ಖಾಲಿ ಬಿದ್ದರೆ, ಮಾಷೇ, ಅದರ ಪಕ್ಕದವನ ಕೈಯೇ ಮೊದಲು ಸೋಲುವುದು" ಎಂದನು.

ವಾಚಕ ಬಂಧುಗಳೇ, ಹಿಂದಿರುಗುವ ರೈಲಿನಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ಈ ಜೂನ್ ತಿಂಗಳಲ್ಲಿ ನಮ್ಮ ಕನ್ನಡ ಶಾಲೆಯ ಒಂದನೆಯ ತರಗತಿಗೆ ಸೇರಿದವರು ಏಳು ಮಕ್ಕಳು. ಹೆತ್ತವರನ್ನು ದೂರುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ಆದರೆ ಹದಿನೆಂಟು ವರ್ಷಗಳ ಹಿಂದೆ, ನಾನು ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ನನ್ನ ಮಗನನ್ನು ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವನು ನಾನು. ಮೊದಲು ಖಾಲಿಯಾದ ಜಾಗ ನನ್ನ ಮನೆಯದು. ಇದನ್ನು ಈ ಪುಟದಲ್ಲಿ ಇದುವರೆಗೆ ಬರೆದಿರಲಿಲ್ಲ.

ಮಗನಿಗೆ ಇಂದು ಒಳ್ಳೆಯ ಉದ್ಯೋಗವಿದೆ. ಅದಕ್ಕೆ ಸಂತೋಷವೂ ಇದೆ. ಆದರೆ ನಾನು ಕಾರ್ಡಿನಲ್ಲಿ ಬರೆದ ನಾಲ್ಕು ಸಾಲನ್ನು ಓದಲು ಅವನು ತಡವರಿಸುತ್ತಾನೆ.

ನಿವೃತ್ತಿಗೆ ಇನ್ನು ಒಂದು ಜೂನ್ ಮಾತ್ರ ಉಳಿದಿದೆ. ಬರುವ ಬೇಸಗೆಯಲ್ಲಿ ಮನೆಮನೆಗೆ ಹೋಗುವಾಗ ಉಪದೇಶ ಮಾಡದೆ, ಈ ತಪ್ಪನ್ನೇ ಮೊದಲು ಹೇಳಿ, ಆಮೇಲೆ ಮಗುವನ್ನು ಕೇಳಬೇಕೆಂದಿದ್ದೇನೆ. ಏಳು ಎಂಟಾದರೂ ಆದೀತು. ಗೆಲ್ಲುವುದು ಆಮೇಲಿನ ಮಾತು. ಮೊದಲು ದೋಣಿ ನೀರಿಗಿಳಿಯಲಿ.